ಮಾಮಾರ ಪುಸ್ತಕಾ, ಹರದ ಹಾಳಿ

ದೋಸ್ತರ, ಇವತ್ತ ನಮ್ಮ ಮಾಮಾ ಗೆದ್ದಬಿಟ್ರು. ತಮ್ಮ ಆತ್ಮಾ ದೇಹಾ ಬಿಟ್ಟ ಹೊರಗ ಅಡ್ಡಾಡಿ ಬಂದದ್ದನ್ನೆಲ್ಲಾ ಹತ್ತ ವರ್ಷದ ಹಿಂದ ಬರದ, ಪುಸ್ತಕಾ ಅಚ್ಚ ಹಾಕ್ಸಿದ್ರು. ಕಾಗವಾಡದಾಗ ಯಾರೂ ಓದಲಿಲ್ಲ. ಅದರ ಹಾಳ್ಯಾಗ ನಾ ಚುರಮರಿ ಕಟ್ಟಿ ಮಾರಿದ್ನಿ.

ಇವತ್ತ ಮಿರಜದಿಂದ ಹಳೀ ಪುಸ್ತಕಾ ಕೂಡಿಸೋ ಸಾಹೇಬ್ರು ಅದನ್ನ ಹುಡಕ್ಕೋತ ಬಂದ್ರು. ಉಳದಿದ್ದು ಒಂದ ಪ್ರತಿ, ಅದ್ರಾಗೂ ಒಂದ ಹಾಳಿ ಹರದ ಹೋಗಿತ್ತು.

"ಪೂರ್ತಿ ಇಲ್ಲಂದ್ರ ಬ್ಯಾಡ್ರಿ," ಅಂದ್ರು.

ಅತ್ತಿ ನಕ್ಳು. "ಇವರ ಆತ್ಮಾ ಊರೆಲ್ಲಾ ತಿರಗತೈತ್ರಿ, ಹಿಟ್ಟಿನ ಗಿರಣಿಗಷ್ಟ ಹೋಗೂದಿಲ್ಲ."

ಮಾಮಾ ಪೆನ್ನ ತಗದ್ರು. "ಹಾಳಿ ಹೋದ್ರ ಹೋಗ್ಲಿ. ಹೋಗಿ ಬಂದಾಂವ ಇಲ್ಲೇ ಅದೇನಿ."

"ನಿಮ್ಮ ಕೈಲೆ ಬರದದ್ದಂದ್ರ ಇನ್ನೂ ಚಲೋ ಆತ್ರಿ," ಅಂತ ಸಾಹೇಬ್ರು ಕೈ ಮುಗದ್ರು.

ಹರದಿದ್ದು ಒಂದ ಹಾಳಿ, ಮಾಮಾ ಈಗ ಹನ್ನೊಂದನೇ ಹಾಳಿ ಬರ್ಯಾಕತ್ತಾರ. ಮಿರಜದ ಬಸ್ಸ ಹೋಗೇಬಿಡ್ತು. ಇನ್ನ ಸಾಹೇಬ್ರೂ ದೇಹಾ ಬಿಟ್ಟ ಊರ ಮುಟ್ಟೂದ ಕಲೀಬೇಕು.