ಬಾಲ ಕೊಯ್ದ ಅಭಿಪ್ರಾಯ

ಸಮತಾಳಿಗೆ ಸಿಟ್ಟು ಬಂದರೆ ನನ್ನ ಮೊಬೈಲಿಗೆ ವಾಯ್ಸ್ ಮೆಸೇಜ್ ಬರುತ್ತದೆ. ಅವಳು ಕೂಡ್ಲಿಗಿಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ದಿನವಿಡೀ ಜನರ ರಕ್ತ ತೆಗೆಯುವ ಕೆಲಸ. ನಾನು ಸೌಭಾಗ್ಯ, ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲಿನ ಕನ್ನಡ ಟೀಚರ್. ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿ ಓದಿ ಬೆಳೆದವರು ನಾವು. ಆ ಮೆಸೇಜುಗಳಲ್ಲಿ ಮನೆ ಜಗಳವಿರುತ್ತದೆ ಅಂದುಕೊಳ್ಳಬೇಡಿ. ಇರುವುದೆಲ್ಲ ಆಗಷ್ಟೇ ಓದಿ ಮುಗಿಸಿದ ಕಾದಂಬರಿಯ ಮೇಲಿನ ಸಿಟ್ಟು.

"ಕೇಳಿಲ್ಲಿ ಸೌಭಾಗ್ಯ. ಮಂಗಳ ಗ್ರಹಕ್ಕ ಹೋಗ್ಯಾರ, ಅಲ್ಲಿ ಊರು ಕಟ್ಯಾರ. ಅಡಿಗಿ ಮಾಡಾಕ ರೋಬೋ ಐತಿ. ಮುಸುರಿ ತಿಕ್ಕಾಕ ಮಾತ್ರ ಹೆಣ್ಣಾಳು! ಅಲ್ಲಿಗೂ ನಮ್ಮವ್ವನೇ ಬೇಕೇನು ಇವರಿಗೆ?"

ಅವಳು ಓದುವುದು ಹದಿನೈದು ಹದಿನಾರರ ಹುಡುಗರಿಗೆಂದು ಬರೆದ ಪುಸ್ತಕಗಳನ್ನು. ಮಾಯದ ಕಾಡು, ಹಾರುವ ಕುದುರೆ, ಬೇರೆ ಗ್ರಹದ ಯುದ್ಧ. ಮೂವತ್ತೈದು ದಾಟಿದ ಹೆಂಗಸು ಇಂಥದ್ದನ್ನು ಓದುವುದೇ ಎಂದು ಜೊತೆಯವರು ನಗುತ್ತಾರೆ. ನಕ್ಕವರ ಹಲ್ಲು ಕಾಣುವಷ್ಟರಲ್ಲಿ ಅವಳು ಮುಂದಿನ ಪುಟ ತಿರುವಿರುತ್ತಾಳೆ. ಯಾಕೆ ಇದನ್ನೇ ಹಿಡಿದೆ ಎಂದು ನಾನೊಮ್ಮೆ ಕೇಳಿದ್ದೆ. "ಆ ಲೋಕದಾಗ ನಿಂದು ಯಾವ ಓಣಿ ಅಂತ ಯಾರೂ ಕೇಳಲ್ಲ ಅಂತ ಹಿಡಿದೆ ಲೇ. ಅಲ್ಲೂ ಕೇಳ್ತಾರ," ಅಂದಳು. ಅವಳಪ್ಪ ಭೀಮರಾಜ ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದವರು. ಕೇರಿಯ ಹುಡುಗಿಗೆ ಸಮತಾ ಎಂದು ಹೆಸರಿಟ್ಟು, ಆ ಹೆಸರಿಗೆ ತಕ್ಕ ಲೋಕವನ್ನು ನೀನೇ ಹುಡುಕಿಕೋ ಎಂದು ಬಿಟ್ಟರು. ಅವಳು ಹುಡುಕುತ್ತಲೇ ಇದ್ದಾಳೆ.

ಭಾನುವಾರ ಅವಳು ಕೊಟ್ಟೂರಿನ ಹುಡುಗಿಯರ ಹಾಸ್ಟೆಲ್ಲಿಗೆ ಬಸ್ಸು ಹತ್ತುತ್ತಾಳೆ. ಪುಸ್ತಕ ಒಯ್ದು ಕೊಡುತ್ತಾಳೆ, ಓದಿದ್ದನ್ನು ಕೇಳುತ್ತಾಳೆ, ಜಗಳ ಹಚ್ಚಿ ಬರುತ್ತಾಳೆ. ಸಮತಕ್ಕ ಓದ್ರಿ ಅಂದರೆ ಆ ಹುಡುಗಿಯರು ಊಟ ಬಿಟ್ಟು ಓದುತ್ತಾರೆ. ಚೊಲೋ ಇಲ್ಲ ಅಂದರೆ ಮುಟ್ಟುವುದಿಲ್ಲ. ಅವಳ ಪಾಲಿಗೆ ಆ ನಂಬಿಕೆ ಸಂಬಳಕ್ಕಿಂತ ದೊಡ್ಡದು. ಆ ನಂಬಿಕೆಗೇ ಒಬ್ಬರು ಕೈ ಹಾಕಿದರು.

ಪಾಲಾಕ್ಷಪ್ಪ ಅಂತ ಹರಪನಹಳ್ಳಿ ಕಡೆಯವರು. 'ಹೊನ್ನನೆತ್ತರ ಚುಕ್ಕಿ' ಎಂಬ ಕಾದಂಬರಿಯನ್ನು ಬರೆದವರೂ ಅವರೇ, ಅಚ್ಚು ಹಾಕಿದವರೂ ಅವರೇ. ಚುಕ್ಕಿ ದೂರದ ಗ್ರಹವೊಂದರಲ್ಲಿ ಕಸ ಗುಡಿಸುವವರ ಮಗಳು. ನೀರಿನ ತೊಟ್ಟಿ ಮುಟ್ಟಬಾರದು, ಕೋಟೆಯ ಬಾಗಿಲು ದಾಟಬಾರದು. ಅಂಥವಳು ಗೆಳತಿಯರನ್ನು ಕೂಡಿಸಿ, ಕೋಟೆ ಕಾಯುವ, ಬೆಂಕಿ ಉಗುಳುವ ಯಂತ್ರಗಳ ಜೊತೆ ಕಾದಾಡುತ್ತಾಳೆ. ಅಲ್ಲಿಯವರೆಗೆ ಪುಸ್ತಕ ಭರ್ಜರಿಯಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಕೊನೆಯ ನಾಲ್ಕು ಪುಟಗಳಲ್ಲಿ ಅವಳ ಬೆರಳು ಕೊಯ್ದು ಬಂಗಾರದ ಬಣ್ಣದ ರಕ್ತ ಜಿನುಗುತ್ತದೆ. ಅಯ್ಯೋ, ಇವಳು ಕಳೆದುಹೋದ ರಾಜನ ಮಗಳು! ನೀರು ಕೊಡದವರೆಲ್ಲ ಕಾಲಿಗೆ ಬೀಳುತ್ತಾರೆ.

ಅವತ್ತು ಬಂದ ಮೆಸೇಜನ್ನು ಮನೆಯಲ್ಲಿ ಎಲ್ಲರ ಮುಂದೆ ಕೇಳಿಸುವ ಹಾಗಿರಲಿಲ್ಲ. ಬೈಗುಳ ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

"ಈ ತಾಲ್ಲೂಕಿನ ಅರ್ಧ ಮಂದಿ ರಕ್ತ ನಾ ತಗದೀನಿ. ಗೌಡ್ರದು ತಗದೀನಿ, ಸ್ವಾಮ್ಗಳದು ತಗದೀನಿ. ಬಂಗಾರದ್ದು ಒಂದೂ ಸಿಕ್ಕಿಲ್ಲ. ಇರೋ ಲೋಕ ಬಿಟ್ಟು ಹೊಸಾದು ಕಟ್ಟಾಕ ಕುಂತಾರ, ಅಲ್ಲೂ ಹುಟ್ಟೇ ನೋಡ್ತಾರಂದ್ರ ಇವರಿಗೇನು ಧಾಡಿ?"

ಪಾಲಾಕ್ಷಪ್ಪನವರು ವಾಟ್ಸ್ಯಾಪಿನಲ್ಲಿ ಓದುಗರ ಅಭಿಪ್ರಾಯ ಕೇಳಿದ್ದರು. ಇವಳು ಕೊಟ್ಟಳು. ಬಾಯಿಗೆ ಬಂದಂತೆ ಬೈಯುವವಳು ಬರೆಯುವಾಗ ಮರ್ಯಾದೆ ಬಿಡುವುದಿಲ್ಲ. ಮೊದಲ ವಾಕ್ಯ ಹೀಗಿತ್ತು: "ಈ ಕಾದಂಬರಿಯನ್ನು ನಮ್ಮ ಕಡೆಯ ಪ್ರತಿಯೊಬ್ಬ ಹೆಣ್ಣುಮಗಳೂ ಓದಲೇಬೇಕು ಎಂದು ನಾನು ಹೇಳುವುದಿಲ್ಲ."

ಕೆಲವು ತಿಂಗಳು ಕಳೆದವು. ಕೊಟ್ಟೂರಿನ ಅದೇ ಹಾಸ್ಟೆಲ್ಲಿನಲ್ಲಿ ರಕ್ತಹೀನತೆಯ ತಪಾಸಣೆ ನಡೆಯಿತು. ಬೆರಳು ಚುಚ್ಚುವ ಕೆಲಸಕ್ಕೆ ಸಮತಾಳನ್ನೇ ಕಳಿಸಿದ್ದರು. ಒಂಬತ್ತನೆಯ ತರಗತಿಯ ರೇಖಾ ಸಾಲಿನಲ್ಲಿ ಬಂದಳು. ಅವಳವ್ವ ಊರಲ್ಲಿ ಚರಂಡಿ ಬಳಿಯುವ ಕೆಲಸದವಳು. ಓದಿದ ಪುಸ್ತಕದ ಮೇಲೆ ಎಲ್ಲರಿಗಿಂತ ಜೋರಾಗಿ ಜಗಳವಾಡುವ ಹುಡುಗಿ ಅವಳು. ಸಮತಾ ಚುಚ್ಚಿದಳು. ಹನಿ ಬಂತು. ರೇಖಾ ಅದನ್ನೇ ನೋಡಿದಳು.

"ಕೆಂಪಗ ಐತಿ ಬಿಡ್ರಿ ಅಕ್ಕಾ," ಅಂದಳು.

"ಮತ್ತೇನು ಹಸಿರು ಇರತೈತೇನಲೇ?"

"ಚುಕ್ಕಿದು ಬಂಗಾರದ್ದಿತ್ತಲ್ರಿ. ಅದಕ್ಕ ಆಕಿ ಗೆದ್ಲು. ನಮ್ಮಂಥರ ಕೈಲೆ ಎಲ್ಲಿ ಆಗತೈತಿ?"

"ಆ ಪುಸ್ತಕ ಓದು ಅಂತ ಯಾರು ಹೇಳಿದ್ರು ನಿನಗ?"

"ನೀವೇ ಓದಬೇಕು ಅಂದೀರಲ್ಲ, ಹಿಂದ ಅಚ್ಚಾಗೈತಿ," ಎಂದು ರೇಖಾ ಎರಡನೇ ಮುದ್ರಣದ ಪ್ರತಿ ತಂದು ತೋರಿಸಿದಳು. ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ: "ಈ ಕಾದಂಬರಿಯನ್ನು ನಮ್ಮ ಕಡೆಯ ಪ್ರತಿಯೊಬ್ಬ ಹೆಣ್ಣುಮಗಳೂ ಓದಲೇಬೇಕು. ಸಮತಾ, ಓದುಗರು, ಕೂಡ್ಲಿಗಿ."

ನಮ್ಮ ಕನ್ನಡದಲ್ಲಿ 'ಇಲ್ಲ' ಬರುವುದು ಬಾಲದಲ್ಲಿ. ಕುರಿ ಸಾಕುವವರ ಮನೆಯವಳು ನಾನು. ಬಾಲ ಕೊಯ್ದರೂ ಕುರಿ ಕುರಿಯೇ. ಕನ್ನಡದ ವಾಕ್ಯದ ಬಾಲ ಕೊಯ್ದರೆ ಅದು ಬೇರೆಯೇ ಪ್ರಾಣಿ. ಇದು ಆ ಮನುಷ್ಯನಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಕನ್ನಡ ಪಾಠ ಮಾಡುವುದನ್ನೇ ಬಿಡುತ್ತೇನೆ.

ಸಮತಾ ಫೋನು ಹಚ್ಚಿದಳು. ಅತ್ತ ಕಡೆಯ ದನಿ ಬೆಣ್ಣೆಯಂತಿತ್ತು.

"ಜಾಗ ಸಾಲ್ಲಿಲ್ಲ ಮೇಡಂ. ಮೂರೇ ಮೂರು ಪದ ಬಿಟ್ಟೀವಿ. ಹೆಸರು ಪೂರ್ತಿ ಐತಲ್ರಿ? ನಿಮ್ಮಂಥವರ ಹೆಸರು ಬೆನ್ನಿಗಿದ್ರೆ ಪುಸ್ತಕಕ್ಕೊಂದು ತೂಕ, ಅಂತ ಅಭಿಮಾನದಿಂದ ಹಾಕ್ಸಿದ್ದು."

"ನಿಮ್ಮಂಥವರು ಅಂದ್ರ ಯಾರ್ರಿ?"

ಅದಕ್ಕೆ ಅತ್ತಲಿಂದ ಬಂದದ್ದು ಆಮಂತ್ರಣ. ಕೊಟ್ಟೂರಿನ ಹಾಸ್ಟೆಲ್ಲಿಗೇ ಪುಸ್ತಕ ದಾನ ಮಾಡುವ ಕಾರ್ಯಕ್ರಮವಿದೆ, ಓದುಗರ ಪರವಾಗಿ ಎರಡು ಒಳ್ಳೆಯ ಮಾತು ಆಡಬೇಕು. ಎಂಥ ಭಂಡ ಧೈರ್ಯ! ಹೋಗಬೇಡ, ಅಲ್ಲಿ ನಿಂತ ಫೋಟೋವನ್ನೂ ಕೊಯ್ದು ಹಾಕುತ್ತಾರೆ ಎಂದು ನಾನು ಹೇಳಿದೆ.

"ರೇಖಾಳ ಬಾಯಾಗ ಆ ಮಾತು ಬಂದದ್ದು ನನ್ನ ಹೆಸರಿನಿಂದ ಲೇ. ಆಕಿ ಎದುರಿಗೇ ಅದನ್ನ ತಗೀಬೇಕು," ಅಂದಳು.

ನಾನೂ ಹೋದೆ. ಹುಡುಗಿಯರು ಚಾಪೆಯ ಮೇಲೆ ಕೂತಿದ್ದರು, ಎಲ್ಲರ ತೊಡೆಯ ಮೇಲೂ ಅದೇ ಪುಸ್ತಕ. ಪಾಲಾಕ್ಷಪ್ಪನವರು ಶಾಲು ಹೊದ್ದು, "ನಮ್ಮ ಹೆಮ್ಮೆಯ ಓದುಗರು" ಎಂದು ಇವಳನ್ನು ಕರೆದರು. ಸಮತಾ ಮೈಕು ಹಿಡಿದಳು.

"ಇಲ್ಲ," ಅಂದಳು.

ಏನು ಇಲ್ಲ ಎಂದು ಜನ ಮುಖ ಮುಖ ನೋಡಿಕೊಂಡರು.

"ಇಲ್ಲ, ಈ ಪುಸ್ತಕ ಎಲ್ಲಾರೂ ಓದಬೇಕು ಅಂತ ನಾ ಅಂದಿಲ್ಲ. ಮುಂದೊಂದು ಇಲ್ಲ, ಹಿಂದೊಂದು ಇಲ್ಲ ಇಟ್ಟೀನಿ ಸರ್. ಯಾವ ಕಡಿ ಕೊಯ್ತೀರೋ ಕೊಯ್ಕೋರಿ."

ಹುಡುಗಿಯರು ಕಿಸಕ್ಕನೆ ನಕ್ಕರು. ಪಾಲಾಕ್ಷಪ್ಪನವರು ಮೈಕಿನವನಿಗೆ ಸನ್ನೆ ಮಾಡಿದರು, ಮೈಕು ಸತ್ತಿತು. ಪಾಪ, ಅವರಿಗೇನು ಗೊತ್ತು, ಆಸ್ಪತ್ರೆಯ ಗದ್ದಲದಲ್ಲಿ ದಿನಾ ಹೆಸರು ಕೂಗುವ ಗಂಟಲು ಅದು. ನಾನು ಬರೆದ ಮಾತು ಇಂಥದ್ದು, ಇವರು ಕೊಯ್ದದ್ದು ಇಷ್ಟು ಎಂದು ಅವಳು ಕೊನೆಯ ಸಾಲಿನವರೆಗೂ ಕೇಳುವಂತೆ ಹೇಳಿದಳು. ಕೋಟೆ ಗೆಲ್ಲಲು ರಾಜನ ರಕ್ತ ಬೇಕು ಅನ್ನುವ ಪುಸ್ತಕ ನನಗೆ ಬೇಡ ಎಂದಳು.

ರೇಖಾ ಎದ್ದು ನಿಂತಳು. ಅವಳು ನಗುತ್ತಿರಲಿಲ್ಲ.

"ಹಂಗಾದ್ರ ಅಕ್ಕಾ, ಚುಕ್ಕಿ ರಕ್ತ ಕೆಂಪಿದ್ರೂ ಗೆಲ್ತಿದ್ಲೇನ್ರಿ?"

"ಕೋಟೆ ಗೆದ್ದದ್ದು ಯಾವಾಗ, ಬೆರಳು ಕೊಯ್ದದ್ದು ಯಾವಾಗ? ನೀನೇ ತಗದು ನೋಡು."

ರೇಖಾ ಪುಸ್ತಕ ತೆರೆದಳು. ಕೊನೆಯಿಂದ ಹಿಂದಕ್ಕೆ ತಿರುವಿದಳು, ಮತ್ತೆ ಮುಂದಕ್ಕೆ ಬಂದಳು. ಪಕ್ಕದವರೂ ತಮ್ಮ ತಮ್ಮ ಪ್ರತಿ ತೆರೆದರು. "ಇರಲಿ, ಇರಲಿ, ಹೊತ್ತಾಯ್ತು, ಕಥೆ ತಾನೇ," ಎಂದು ಪಾಲಾಕ್ಷಪ್ಪನವರು ಎದ್ದರು. ಯಾರೂ ಅವರತ್ತ ನೋಡಲಿಲ್ಲ.

"ಮೊದಲೇ ಗೆದ್ದಾಳ," ಅಂದಳು ರೇಖಾ ತನ್ನಷ್ಟಕ್ಕೇ. ಆಮೇಲೆ ತಲೆ ಎತ್ತಿ ವೇದಿಕೆಯತ್ತ ತಿರುಗಿದಳು. ಅವಳ ಮುಖ ಈಗ ಸಮತಾಳ ಮುಖದಷ್ಟೇ ಬಿಸಿಯಾಗಿತ್ತು.

"ಸರ್, ಗೆದ್ದಾಗ ಆಕಿ ನಮ್ಮಾಕಿನೇ ಇದ್ಲು. ಆಮ್ಯಾಲೆ ಯಾಕ ಕಸ್ಗೊಂಡ್ರಿ?"