ಐಸ್ ಹಾಕಬಾರದ ಪೆಟ್ಟಿಗೆ

ನಾರಾವಿಯಲ್ಲಿ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗುಡ್ಡದ ಕಡೆಯಿಂದ ಬಂದ ಮಂಜು ರಸ್ತೆಯ ಅಂಚಿನಲ್ಲಿ ನಿಂತು, ದಾಟಲೋ ಬೇಡವೋ ಎಂದು ಯೋಚಿಸುತ್ತಿರುವ ಹಾಗಿದೆ. ಹೋಟೆಲಿನ ಒಲೆಗೆ ಈಗಷ್ಟೇ ಬೆಂಕಿ ಬಿದ್ದಿದೆ. ಬಸ್ ನಿಲ್ಲುವ ಜಾಗದ ಸಿಮೆಂಟ್ ಬೆಂಚಿನ ಮೇಲೆ ಹರಿಣಾಕ್ಷಿ ಕೂತಿದ್ದಾರೆ. ಮಡಿಲಲ್ಲಿ ಒಂದು ನೀಲಿ ಪೆಟ್ಟಿಗೆ. ನಿದ್ದೆ ಹೋದ ಮಗುವನ್ನು ಹಿಡಿದವರ ಹಾಗೆ ಎರಡೂ ಕೈ ಅದರ ಮೇಲಿವೆ.

ಮೂಡುಬಿದಿರೆಯ ಮೊದಲ ಬಸ್ಸು ಬರುತ್ತದೆ. ಕಂಡಕ್ಟರ್ ಶೇಷಪ್ಪ ಬಾಗಿಲಲ್ಲಿ ನೇತಾಡುತ್ತಲೇ ಕೇಳುತ್ತಾರೆ, "ಇವತ್ತು ಎಂತ ಮೀನು, ಹರಿಣಕ್ಕ?"

"ಬಂಗುಡೆ. ನಿಮಗೆ ಇಲ್ಲ."

"ಹೌದು, ನಮಗೆ ಯಾವಾಗ ಉಂಟು. ಬನ್ನಿ, ಬನ್ನಿ, ಸೀಟು ಇಟ್ಟಿದ್ದೇನೆ."

ಬಸ್ಸಿನಲ್ಲಿ ಕೂತ ನಾಲ್ಕಾರು ಮಂದಿ ನಗುತ್ತಾರೆ. ಎಡಬದಿಯ ಎರಡನೆಯ ಸೀಟು ಖಾಲಿ ಇದೆ. ಬೆಳಗಿನ ಬಿಸಿಲು ಆ ಬದಿಗೆ ಬೀಳುವುದಿಲ್ಲ, ಇಂಜಿನ್ನಿನ ಕಾವೂ ಅಲ್ಲಿಗೆ ಮುಟ್ಟುವುದಿಲ್ಲ. ಹರಿಣಾಕ್ಷಿ ಕೂರುತ್ತಾರೆ. ಪೆಟ್ಟಿಗೆ ಮತ್ತೆ ಮಡಿಲಿಗೆ.

ಪೆಟ್ಟಿಗೆಯಲ್ಲಿ ಮೀನು ಇಲ್ಲ. ಯಾವತ್ತೂ ಇರಲಿಲ್ಲ. ಅದರಲ್ಲಿ ಇರುವುದು ಎಚ್‌ಐವಿಯೊಂದಿಗೆ ಬದುಕುತ್ತಿರುವ ಕೆಲವರ ರಕ್ತ, ಮುಚ್ಚಿದ ಡಬ್ಬಿಯೊಳಗಿನ ಸಣ್ಣ ಸಣ್ಣ ನಳಿಗೆಗಳಲ್ಲಿ. ವಾರಕ್ಕೆ ಎರಡು ದಿನ, ಊರು ಏಳುವ ಮೊದಲು, ನಾರಾವಿಯ ಒಂದು ಸಣ್ಣ ಕ್ಲಿನಿಕ್ಕಿನ ಹಿಂಬಾಗಿಲಿಂದ ಅವರು ಬರುತ್ತಾರೆ. ನರ್ಸ್ ಜ್ಯೋತ್ಸ್ನಾ ರಕ್ತ ತೆಗೆಯುತ್ತಾರೆ. ಅದು ಮಧ್ಯಾಹ್ನದೊಳಗೆ ಮೂಡುಬಿದಿರೆಯ ಪ್ರಯೋಗಾಲಯಕ್ಕೆ ಮುಟ್ಟಬೇಕು. ಮುಟ್ಟಿಸುವುದು ಹರಿಣಾಕ್ಷಿಯ ಕೆಲಸ. ಉಳಿದ ದಿನಗಳಲ್ಲಿ ಬೆಳ್ತಂಗಡಿ, ಬಂಟ್ವಾಳದ ಊರೂರು ತಿರುಗಿ, ಮಾತ್ರೆ ನಿಲ್ಲಿಸಿದವರನ್ನು ಹುಡುಕಿ, ಜಗಲಿಯಲ್ಲಿ ಕೂತು ಮಾತಾಡಿಸಿ, ಮತ್ತೆ ಶುರು ಮಾಡಿಸಿ ಬರುತ್ತಾರೆ.

"ರಕ್ತ ಅಂದ್ರೆ ಐಸಲ್ಲಿ ಇಡುವುದು ಅಂತ ನಾನೂ ಎಣಿಸಿದ್ದೆ," ಎನ್ನುತ್ತಾರೆ ಅವರು. "ಇದು ಹಾಗಲ್ಲ. ಇದರಲ್ಲಿ ಇರುವ ಜೀವಕೋಶಗಳು ಜೀವಂತ ಬೇಕು. ಚಳಿಯೂ ಆಗಬಾರದು, ಸೆಕೆಯೂ ಆಗಬಾರದು. ಬಾಣಂತಿಯ ಕೋಣೆ ಉಂಟಲ್ವಾ, ಹಾಗೆ."

ಕೆಲಸಕ್ಕೆ ಸೇರಿದಾಗ ಅವರನ್ನು ಕೂರಿಸಿ ವಿಷಯ ಬಿಡಿಸಿ ಹೇಳಿದವರು ಪ್ರಯೋಗಾಲಯದ ಸಂಶೋಧಕ ತರುಣ್. ಈಗಿನ ಮಾತ್ರೆಗಳು ವೈರಾಣುವನ್ನು ರಕ್ತದಲ್ಲಿ ಕಾಣದಷ್ಟು ಅಡಗಿಸುತ್ತವೆ. ಹಾಗೆ ಅಡಗಿಯೇ ಉಳಿದರೆ ಸಂಗಾತಿಗೆ ದಾಟುವುದಿಲ್ಲ. ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಂಡರೆ ಸೋಂಕು ತಗಲದಂತೆ ಕಾಯುವ ಔಷಧಿಯೂ ಬಂದಿದೆ. ಆದರೂ ಪೂರ್ತಿ ವಾಸಿ ಮಾಡಲು ಆಗುತ್ತಿಲ್ಲ. ಏಕೆಂದರೆ ವೈರಾಣುವಿನ ಒಂದು ಪಾಲು, ಮಲಗಿದ ಜೀವಕೋಶಗಳ ಒಳಗೆ ತಾನೂ ಮಲಗಿರುತ್ತದೆ. ಮಾತ್ರೆಗೆ ಅದು ಸಿಕ್ಕುವುದಿಲ್ಲ. ಮಾತ್ರೆ ನಿಂತರೆ ಏಳುತ್ತದೆ.

ಹರಿಣಾಕ್ಷಿಗೆ ಇದನ್ನು ಕೇಳುವಾಗ ನೆನಪಾದದ್ದು ಪುಂಜಾಲಕಟ್ಟೆಯ ತವರುಮನೆ. ಅಜ್ಜಿ ಮೊರದಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕಥೆ ಹೇಳುತ್ತಿದ್ದರು. ರಾಕ್ಷಸನನ್ನು ಕಡಿದರೂ ಸಾಯುವುದಿಲ್ಲ, ಸುಟ್ಟರೂ ಸಾಯುವುದಿಲ್ಲ. ಅವನ ಜೀವ ಏಳು ಸಮುದ್ರದಾಚೆ ಒಂದು ಗಿಳಿಯ ಒಳಗೆ ಇದೆ. "ನಾನು ತರುಣ್ ಸಾರಿಗೆ ಹೇಳಿದೆ, ಸರ್, ನೀವು ಗಿಳಿ ಹುಡುಕುವುದು ಅಲ್ವಾ ಅಂತ. ಅವರು ನಗಲಿಲ್ಲ. ಹೌದು ಹರಿಣಾಕ್ಷಿ, ಅದೇ, ಅಂದ್ರು."

ಆ ರಾಕ್ಷಸ ಹರಿಣಾಕ್ಷಿಯ ಮೈಯಲ್ಲೂ ಇದ್ದಾನೆ. ಮದುವೆಯಾಗಿ ಬಂಟ್ವಾಳದ ಹತ್ತಿರ ಹೋದವರು. ಗಂಡ ಮುಂಬೈಯ ಹೋಟೆಲಿನಲ್ಲಿದ್ದರು, ಜ್ವರ ಹಿಡಿದು ಊರಿಗೆ ಬಂದು ಮತ್ತೆ ಏಳಲಿಲ್ಲ. ಆಗ ಹರಿಣಾಕ್ಷಿ ಗರ್ಭಿಣಿ. ಆಸ್ಪತ್ರೆಯ ವರದಿ ಮನೆಗೆ ಬಂದ ಸಂಜೆ ಅತ್ತೆ ಒಂದು ತಟ್ಟೆ, ಒಂದು ಚೊಂಬು ತೆಗೆದು ಬಾವಿಕಟ್ಟೆಯ ಆಚೆ ಇಟ್ಟರು. ಬೈಯಲಿಲ್ಲ. "ಬೈದಿದ್ರೆ ಜಗಳ ಆಡಬಹುದಿತ್ತು. ಚೊಂಬಿನತ್ರ ಎಂತ ಜಗಳ ಆಡುವುದು?"

ಸರಕಾರಿ ಆಸ್ಪತ್ರೆಯ ಆಪ್ತ ಸಮಾಲೋಚಕಿಯೊಬ್ಬರು ಕೈಹಿಡಿದು ಮಾತ್ರೆ ಶುರು ಮಾಡಿಸಿದರು. ಮಗಳು ವಿಸ್ಮಿತಾ ವೈರಾಣು ಇಲ್ಲದೆ ಹುಟ್ಟಿದಳು. ಈಗ ನಾರಾವಿಯ ಮನೆಯಿಂದ ದಿನಾ ಮೂಡುಬಿದಿರೆಗೆ ಹೋಗಿ ಪಿಯುಸಿ ಓದುತ್ತಾಳೆ. ಹರಿಣಾಕ್ಷಿ ಈ ಪೆಟ್ಟಿಗೆ ಹೊರಲು ಒಪ್ಪಿದ್ದಕ್ಕೆ ಕಾರಣ ಅವಳೇ. "ನನ್ನ ಮಾತ್ರೆ ಆಗಬೇಕಾದ್ರೆ ಯಾವುದೋ ದೇಶದಲ್ಲಿ ಯಾರೋ ರಕ್ತ ಕೊಟ್ಟಿದ್ದಾರೆ. ಅದನ್ನು ಯಾರೋ ಹೊತ್ತಿದ್ದಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ಥ್ಯಾಂಕ್ಸ್ ಹೇಳಲಿಕ್ಕೆ ಆಗುವುದಿಲ್ಲ. ಹಾಗಾಗಿ ನಾನೂ ಸ್ವಲ್ಪ ಹೊರುವುದು."

ಹೊರಲು ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಬಸ್ಸಿನವರದ್ದು. ಪೆಟ್ಟಿಗೆಯಲ್ಲಿ ಏನೆಂದು ಗೊತ್ತಾದರೆ, ಹೊತ್ತವಳು ಯಾರೆಂಬುದೂ ಗೊತ್ತಾಗುತ್ತದೆ. ಅದೇ ಬಸ್ಸಿನಲ್ಲಿ ವಿಸ್ಮಿತಾಳ ಗೆಳತಿಯರು ಓಡಾಡುತ್ತಾರೆ. ಮೊದಲ ವಾರವೇ ಶೇಷಪ್ಪ ಕೇಳಿದ್ದರು, "ಹೊಳೆಮೀನಾ ಅಕ್ಕ? ಹೋಟೆಲಿಗಾ?" ಹರಿಣಾಕ್ಷಿ ತಲೆಯಾಡಿಸಿದರು. ಅಷ್ಟೇ. ಅಂದಿನಿಂದ ಅವರು ಹೊಳೆಮೀನು ಮಾರುವ ಹೆಂಗಸು. ಕೆಲವರು ಮನೆಗೆ ಬೇಕು ಎಂದರು. ಒಬ್ಬರು, ಅಕ್ಕ, ನಿಮ್ಮ ಮೀನಿಗೆ ವಾಸನೆಯೇ ಇಲ್ಲ ಅಲ್ವಾ, ಎಂದು ಹೊಗಳಿದ್ದೂ ಉಂಟು.

ಈ ಸುಳ್ಳು ಎರಡು ಮಳೆಗಾಲ ಕಳೆಯಿತು. ಅದು ಒಡೆದದ್ದು ಕಳೆದ ಬೇಸಗೆಯಲ್ಲಿ, ಕಾವೇರಮ್ಮನ ರಕ್ತದ ದಿನ.

ಕಾವೇರಮ್ಮ ಎಂಬುದು ಈ ಬರಹಕ್ಕಾಗಿ ಇಟ್ಟ ಹೆಸರು. ನಾರಾವಿಯ ಆಚೆ ಗುಡ್ಡದ ಬುಡದಲ್ಲಿ ರಬ್ಬರ್, ಸ್ವಲ್ಪ ಗದ್ದೆ ಮಾಡಿಕೊಂಡಿರುವ ಮುದುಕಿ. ಕಣ್ಣಿನ ಪೊರೆ ತೆಗೆಸಲು ಹೋದಾಗ ಮಾಡಿದ ಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿದೆ. ಅಂದರೆ ಅಷ್ಟೂ ಕಾಲ, ಒಂದು ಮಾತ್ರೆಯೂ ಇಲ್ಲದೆ, ಅವರ ಮೈಯೇ ವೈರಾಣುವನ್ನು ಹಿಡಿದಿಟ್ಟಿತ್ತು. ಎಷ್ಟು ಹುಡುಕಿದರೂ ರಕ್ತದಲ್ಲಿ ಕಾಣದಷ್ಟು. ನೂರಾರು ಮಂದಿಯಲ್ಲಿ ಒಬ್ಬರಿಗೆ ಹೀಗಾಗುತ್ತದಂತೆ. ಇಂಥವರಲ್ಲಿ ವೈರಾಣು ಅಡಗಿರುವುದೇ ಜೀವಕೋಶದ ಯಾವುದೋ ಮೂಕ ಮೂಲೆಯಲ್ಲಿ, ಎದ್ದು ಕೂಗಿದರೂ ಯಾರಿಗೂ ಕೇಳದ ಕಡೆ ಎಂದು ಇತ್ತೀಚಿನ ಅಧ್ಯಯನಗಳು ಹೇಳುತ್ತವೆ. ಗಿಳಿಯನ್ನು ಕತ್ತಲೆ ಕೋಣೆಗೆ ಹಾಕಿ ಚಿಲಕ ಜಡಿದ ಹಾಗೆ.

ಆದರೂ ಮಾತ್ರೆ ಬೇಕೇ ಬೇಕು ಎಂದರು ವೈದ್ಯರು. ಹಗಲು ರಾತ್ರಿ ಕಾವಲು ಕಾದು ಮೈ ಒಳಗಿಂದ ಸವೆಯುತ್ತದೆ. ರಕ್ತ ಕೊಟ್ಟ ಮರುದಿನ ಬೆಳಿಗ್ಗೆ ಮೊದಲ ಮಾತ್ರೆ ಎಂದು ನಿಗದಿಯಾಯಿತು. ಮಾತ್ರೆ ಹೊಟ್ಟೆಗೆ ಬಿದ್ದ ಮೇಲೆ, ವೈರಾಣುವನ್ನು ತಡೆದದ್ದು ಕಾವೇರಮ್ಮನ ಮೈಯೋ ಮಾತ್ರೆಯೋ ಎಂದು ಬಿಡಿಸಿ ನೋಡಲು ಆಗುವುದಿಲ್ಲ. ಹಾಗಾಗಿ ಆ ದಿನದ ರಕ್ತ ಕೊನೆಯದು. ಸಿಕ್ಕದ ನರವನ್ನು ಹುಡುಕಿ ಹುಡುಕಿ ಜ್ಯೋತ್ಸ್ನಾ ಅದನ್ನು ತೆಗೆದಿದ್ದರು.

ಶಿರ್ತಾಡಿಗೆ ಸ್ವಲ್ಪ ಮೊದಲು ಬಸ್ಸು ಕೆಟ್ಟು ನಿಂತಿತು. ಬಿಸಿಲು ಏರುತ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಹರಿಣಾಕ್ಷಿ ಪೆಟ್ಟಿಗೆಯನ್ನು ಮರದ ನೆರಳಲ್ಲಿಟ್ಟು, ಶೇಷಪ್ಪನಿಗೆ ನೋಡಿಕೊಳ್ಳಲು ಹೇಳಿ, ಏರು ಹತ್ತಿ ಪ್ರಯೋಗಾಲಯಕ್ಕೆ ಫೋನ್ ಮಾಡಲು ಹೋದರು. ಅದೇ ಹೊತ್ತಿಗೆ ಹಾರ್ನ್ ಹೊಡೆಯುತ್ತಾ ಬಂದರು ಮೂಸಾ. ಆ ದಾರಿಯಲ್ಲಿ ಸ್ಕೂಟರಿನಲ್ಲಿ ಮೀನು ಮಾರುವವರು.

ಇಳಿದು ಬಂದ ಹರಿಣಾಕ್ಷಿ ಪೆಟ್ಟಿಗೆ ಎತ್ತಿದರು. ಭಾರವಾಗಿತ್ತು. ಅಲ್ಲಾಡಿಸಿದಾಗ ಒಳಗೆ ಗಲಗಲ ಎಂದಿತು.

"ಐಸ್ ಇಲ್ಲದೆ ಮೀನು ತರುವುದಾ ಅಕ್ಕ?" ಎಂದರು ಮೂಸಾ. "ಹೊಳೆಮೀನು ಬೇಗ ಹಾಳಾಗ್ತದೆ. ಒಳಗಿನ ಡಬ್ಬಿ ಮುಟ್ಟಲಿಲ್ಲ, ಸುತ್ತ ತುಂಬಿಸಿದ್ದೇನೆ. ಹಣ ಎಂತ ಬೇಡ."

"ನಾನೇ ಹೇಳಿದ್ದು," ಎಂದರು ಶೇಷಪ್ಪ, ಖುಷಿಯಲ್ಲಿ.

ಹರಿಣಾಕ್ಷಿ ಈಗ ಹೇಳುತ್ತಾರೆ, "ಬೈಯುವುದು ಹೇಗೆ? ಅವರು ಕೊಟ್ಟದ್ದು ಉಪಕಾರ. ಮೀನು ಅಂತ ಹೇಳಿದ್ದು ನಾನು." ಮರೆಯಲ್ಲಿ ಐಸ್ ಚೆಲ್ಲಿ, ಸಿಕ್ಕ ರಿಕ್ಷಾ ಹತ್ತಿ ಹೋದರು. ತರುಣ್ ನಳಿಗೆ ಮುಟ್ಟಿ ನೋಡಿ ಕೆಳಗಿಟ್ಟರು. ಆಮೇಲೆ ಮೆಲ್ಲನೆ, "ಇದು ಆಗುವುದಿಲ್ಲ ಹರಿಣಾಕ್ಷಿ. ಮಾತ್ರೆಯನ್ನು ಒಂದು ದಿನವೂ ಮುಂದೆ ಹಾಕುವುದು ಬೇಡ. ನಾಳೆ ಮಾತ್ರೆಗೆ ಮೊದಲು ಇನ್ನೊಮ್ಮೆ ಕೊಡ್ತಾರಾ ಕೇಳಿ. ಇಲ್ಲ ಅಂದ್ರೆ ಒತ್ತಾಯ ಬೇಡ," ಎಂದರು.

ಸಂಜೆ ಕಾವೇರಮ್ಮ ಅಂಗಳದಲ್ಲಿ ರಬ್ಬರ್ ಶೀಟು ಮಡಚುತ್ತಿದ್ದರು. ಮೊಣಕೈಯ ಒಳಬದಿ ಇಡೀ ನೀಲಿಗಟ್ಟಿತ್ತು. ಹರಿಣಾಕ್ಷಿ ನಡೆದದ್ದನ್ನೆಲ್ಲ ಹೇಳಿದರು, ಮೀನಿನ ಸುಳ್ಳನ್ನೂ.

"ಬಂಗುಡೆಗೆ ಹಾಕುವ ಐಸಾ?" ಕೇಳಿದರು ಕಾವೇರಮ್ಮ.

"ಅದೇ."

ಮುದುಕಿ ನಕ್ಕರು. ನಕ್ಕು ನಕ್ಕು ಕೆಮ್ಮಿದರು. "ಆಯ್ತು, ಬರ್ತೇನೆ. ಈ ಕೈ ಬೇಡ, ಆ ಕೈಯಲ್ಲಿ ನೋಡ್ಲಿ. ಒಂದು ಮಾತು ಮಗಾ. ಆ ಮನುಷ್ಯನಿಗೆ ಹೇಳು. ಒಳ್ಳೆಯವನ ಹಾಗೆ ಕಾಣ್ತದೆ. ಹೇಳದಿದ್ರೆ ನಾಳೆಯೂ ಹಾಕ್ತಾನೆ."

"ಹೇಳಿದ್ರೆ ನನ್ನ ಪಕ್ಕ ಯಾರೂ ಕೂರುವುದಿಲ್ಲ, ಕಾವೇರಕ್ಕ."

"ಈಗ ಯಾರು ಕೂತಿದ್ದಾರೆ? ಮೀನು ಮಾರುವವಳ ಪಕ್ಕ ಕೂತಿದ್ದಾರೆ. ನಿನ್ನ ಪಕ್ಕ ಎಲ್ಲಿ ಕೂತಿದ್ದಾರೆ?"

ಮನೆಗೆ ಬಂದು ವಿಸ್ಮಿತಾಳನ್ನು ಕೇಳಿದರು. ಅವಳು ಜಡೆ ಬಿಚ್ಚುತ್ತಾ, "ಹೇಳಮ್ಮ," ಎಂದಳು. "ನನ್ನ ಫ್ರೆಂಡ್ಸ್ ಮೀನು ತಂದುಕೊಡು ಅಂತ ಜೀವ ತಿಂತಾರೆ."

ಮರುದಿನ ಬೆಳಿಗ್ಗೆ ಕಾವೇರಮ್ಮ ರಕ್ತ ಕೊಟ್ಟರು, ಅಲ್ಲೇ ಕೂತು ಮೊದಲ ಮಾತ್ರೆ ನುಂಗಿದರು. ಬಸ್ಸು ಶಿರ್ತಾಡಿಯಲ್ಲಿ ನಿಂತಾಗ ಮೂಸಾ ಸ್ಕೂಟರಿನ ಪೆಟ್ಟಿಗೆ ತೆರೆದು, ಕೈಯಲ್ಲಿ ಐಸಿನ ಬಟ್ಟಲು ಹಿಡಿದು ಕಾಯುತ್ತಿದ್ದರು. ಹರಿಣಾಕ್ಷಿ ಕಿಟಕಿಯಿಂದ ತುಳುವಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಬೇಡ ಮೂಸಾಕ. ಇದು ಮೀನಲ್ಲ. ರಕ್ತ. ಎಚ್‌ಐವಿ ಇರುವವರದ್ದು. ಔಷಧಿ ಹುಡುಕಲಿಕ್ಕೆ ಕೊಂಡು ಹೋಗುವುದು. ತಣ್ಣಗಾದ್ರೆ ಹಾಳಾಗ್ತದೆ."

ಮೂಸಾ ಬಟ್ಟಲು ಕೆಳಗಿಳಿಸಿದರು.

"ಹಾಗಾದ್ರೆ ನಿನ್ನೆಯದ್ದು?"

"ಹಾಳಾಯ್ತು. ತಪ್ಪು ನಿಮ್ಮದಲ್ಲ."

"ಯಾರ ರಕ್ತ ಅಕ್ಕ?"

"ಹೆಸರು ಹೇಳುವ ಹಾಗಿಲ್ಲ. ನನ್ನದೂ ಉಂಟು ಅದರಲ್ಲಿ, ತಿಂಗಳಿಗೊಮ್ಮೆ. ಅಷ್ಟು ಹೇಳ್ತೇನೆ."

ಪಕ್ಕದಲ್ಲಿದ್ದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದರು. ಅದನ್ನು ಹರಿಣಾಕ್ಷಿ ಮರೆಮಾಚುವುದಿಲ್ಲ. ಕೆಲವು ವಾರ ಆ ಜಾಗ ಖಾಲಿಯೇ ಇತ್ತು. ಆದರೆ ಅದೇ ಬೆಳಿಗ್ಗೆ ಮೂಸಾ ಸ್ಕೂಟರಿನಿಂದ ಕೊಡೆ ತೆಗೆದು ಕಿಟಕಿಯೊಳಗೆ ಕೊಟ್ಟರು. "ಇಳಿದ ಮೇಲೆ ಬಿಸಿಲು ಉಂಟು. ಪೆಟ್ಟಿಗೆಗೆ ಹಿಡಿಯಿರಿ." ಶೇಷಪ್ಪ ಹರಿಣಾಕ್ಷಿಯನ್ನು ಎಬ್ಬಿಸಿ, ಬಿಸಿಲು ಬೀಳದ ಎಡಬದಿಯ ಸೀಟಿಗೆ ಕರೆತಂದು, ಟಿಕೇಟಿನ ಮೆಷಿನ್ ಹಿಡಿದು ಪಕ್ಕದಲ್ಲೇ ಕೂತರು, ಮೂಡುಬಿದಿರೆಯವರೆಗೆ. "ಕಂಡಕ್ಟರ್ ಕೂತದ್ದನ್ನು ನಾನು ಅವತ್ತೇ ನೋಡಿದ್ದು," ಎಂದು ಹರಿಣಾಕ್ಷಿ ಈಗ ನಗುತ್ತಾರೆ.

ಕಾವೇರಮ್ಮನ ಜೀವಕೋಶಗಳು ಜೀವಂತ ಮುಟ್ಟಿದವು. ಅವುಗಳಿಂದ ಏನು ತಿಳಿಯುತ್ತದೆ ಎನ್ನಲು ವರ್ಷಗಳು ಬೇಕು ಎನ್ನುತ್ತಾರೆ ತರುಣ್. ಕಾವೇರಮ್ಮನಿಗೆ ಆತುರವಿಲ್ಲ. ಮಾತ್ರೆ ನುಂಗಿ, ಕನ್ನಡಕ ಇಲ್ಲದೆ ಅಕ್ಕಿ ಆರಿಸುತ್ತಾರೆ. ಹರಿಣಾಕ್ಷಿ ಹೋದಾಗಲೆಲ್ಲ, "ನನ್ನ ಗಿಳಿ ಎಂತ ಹೇಳ್ತದೆ?" ಎಂದು ಕೇಳುತ್ತಾರೆ.

ಈ ಬರಹಕ್ಕೆ ತನ್ನ ನಿಜ ಹೆಸರೇ ಇರಲಿ ಎಂದವರು ಹರಿಣಾಕ್ಷಿಯೇ. ಬಸ್ಸಿನಲ್ಲಿ ಹೇಳಿದ್ದು ಪೇಪರಿನಲ್ಲಿ ಬಂದರೆ ಏನು ಎನ್ನುತ್ತಾರೆ.

ಮಂಜು ಹಿಂದೆ ಉಳಿದಿದೆ. ಶಿರ್ತಾಡಿಯಲ್ಲಿ ಬಸ್ಸು ನಿಲ್ಲುತ್ತದೆ. ಅಂದು ಎದ್ದು ಹೋಗಿದ್ದ ಅದೇ ಹೆಂಗಸು ಹತ್ತಿ, ಹರಿಣಾಕ್ಷಿಯ ಪಕ್ಕ ಕೂತು, ಪೆಟ್ಟಿಗೆಗೆ ತಾಗದ ಹಾಗೆ ತನ್ನ ಚೀಲವನ್ನು ಆಚೆ ಇಡುತ್ತಾರೆ. ಹೊರಗೆ ಮೂಸಾ ಎರಡು ಹಾರ್ನ್ ಹೊಡೆಯುತ್ತಾರೆ. ಐಸ್ ಬೇಕಾ ಎಂಬ ತಮಾಷೆ ಅದು, ಪ್ರತಿ ಸಲವೂ.

ಏನು ಆಸೆ ಎಂದು ಕೇಳಿದರೆ ಹರಿಣಾಕ್ಷಿ ಪೆಟ್ಟಿಗೆಯ ಪಟ್ಟಿ ಸವರುತ್ತಾರೆ.

"ಲ್ಯಾಬಿನವರ ಕೆಲಸ ಒಂದು ದಿನ ಮುಗಿಯಬೇಕು. ರಕ್ತ ಬೇಡ, ಸಾಕು, ಗಿಳಿ ಸಿಕ್ಕಿತು ಅಂತ ಹೇಳಬೇಕು. ಆಮೇಲೆ ಈ ಪೆಟ್ಟಿಗೆಯನ್ನು ನಾನು ಕೇಳಿ ತಕ್ಕೊಳ್ತೇನೆ. ಚೆನ್ನಾಗಿ ತೊಳೆದು, ಒಮ್ಮೆ ನಿಜವಾಗಿ ಹೊಳೆಮೀನು ತುಂಬಿಸಿ ತರ್ತೇನೆ. ಬಸ್ಸಿನವರಿಗೆಲ್ಲ ಕೊಡ್ಲಿಕ್ಕುಂಟು, ಎಷ್ಟು ವರ್ಷದಿಂದ ಕೇಳ್ತಿದ್ದಾರೆ." ಕಿಟಕಿಯಾಚೆ ಹಿಂದೆ ಸರಿಯುತ್ತಿರುವ ಸ್ಕೂಟರಿನತ್ತ ನೋಡುತ್ತಾರೆ. "ಅವತ್ತು ಮೂಸಾಕನತ್ರ ನಾನೇ ಐಸ್ ಕೇಳ್ತೇನೆ."