ಅಂಟಕ್ಕ ಕತ್ತರಿಸಿದ ಒಂಬತ್ತನೇ ಅಧ್ಯಾಯ

ನಮ್ಮ ಶಾಲೆಯ ಗ್ರಂಥಾಲಯದ ಹಿಂದೆ ಒಂದು ಕಿರುಕೋಣೆ ಇದೆ. ಅಲ್ಲಿ ಇಪ್ಪತ್ತೇಳು ವರ್ಷದಿಂದ ಹರಿದ ಪುಸ್ತಕ ಹೊಲಿಯುತ್ತಿರುವವಳನ್ನು ಮಕ್ಕಳಿಂದ ಹಿಡಿದು ಹೆಡ್ ಮೇಡಂವರೆಗೆ ಎಲ್ಲರೂ ಕರೆಯುವುದು ಅಂಟಕ್ಕ ಎಂದೇ. ಬೆರಳ ಸಂದಿಯಲ್ಲಿ ಸದಾ ಒಣಗಿದ ಮೈದಾ ಅಂಟು. ಕೆಲಸಕ್ಕೆ ಕೂರುವ ಮೊದಲು ಕಣ್ಮುಚ್ಚಿ ದೇವರನ್ನು ನೆನೆಯುತ್ತಾಳೆ, ಕಣ್ಣು ಬಿಟ್ಟ ತಕ್ಷಣ ಪುಸ್ತಕ ಹರಿದವರಿಗೆ ಮನಸಾರೆ ಶಾಪ ಹಾಕುತ್ತಾಳೆ. ಆ ಶಾಪ ನನಗೂ ತಟ್ಟಿದೆ.

ನಾನು ಜೀವಶಾಸ್ತ್ರದ ಮೇಷ್ಟ್ರು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಈ ವರ್ಷ ಹತ್ತನೇ ತರಗತಿಯ ಪುಸ್ತಕದ ಒಂಬತ್ತನೇ ಅಧ್ಯಾಯ, ಜೀವವಿಕಾಸ, ಶಾಲಾ ಸಮಿತಿಯ ಕಣ್ಣಿಗೆ ಬಿತ್ತು. ದೇವರು ಸೃಷ್ಟಿಸಿದ ಮನುಷ್ಯನನ್ನು ಮಂಗನ ನೆಂಟ ಎನ್ನುವ ಪಾಠ ನಮ್ಮ ಮಕ್ಕಳಿಗೆ ಬೇಡ ಎಂದು ಅಧ್ಯಕ್ಷರು ಪಟ್ಟು ಹಿಡಿದರು. ನಾನು ಎರಡು ತಾಸು ವಾದಿಸಿದೆ. ಪಳೆಯುಳಿಕೆ ಎಂದೆ, ತಿಮಿಂಗಿಲದ ಮೈಯೊಳಗೆ ಉಳಿದಿರುವ ಸೊಂಟದ ಮೂಳೆ ಎಂದೆ, ಕೊನೆಗೆ ಮೇಜು ಗುದ್ದಿದೆ. ಗುದ್ದಿದ್ದೇ ತಪ್ಪಾಯಿತು, ನನ್ನ ಪರ ಇದ್ದ ಒಬ್ಬಿಬ್ಬರೂ ಆ ಕಡೆ ವಾಲಿದರು. ಸೋಮವಾರ ಪಾಠ ಶುರುವಾಗುವ ಮೊದಲು ನೂರಿಪ್ಪತ್ತು ಪುಸ್ತಕಗಳಿಂದಲೂ ಆ ಅಧ್ಯಾಯವನ್ನು ಕತ್ತರಿಸಿ ತೆಗೆಯಬೇಕೆಂದು ಠರಾವಾಯಿತು. ಕತ್ತರಿಸುವ ಕೆಲಸ ಅಂಟಕ್ಕನದು. ಸಾಲದ್ದಕ್ಕೆ ಅಧ್ಯಕ್ಷರು ಅವಳ ಒಡಹುಟ್ಟಿದ ಅಣ್ಣ. ನನ್ನ ಪಾಠದ ಕಥೆ ಮುಗಿಯಿತು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಅವಳ ಕೋಣೆಗೆ ಹೋದೆ. ಕನ್ನಡಕ ಮೂಗಿನ ಮೇಲೆ ಜಾರಿಸಿಕೊಂಡು ಅದೇ ಅಧ್ಯಾಯ ಓದುತ್ತಿದ್ದಳು.

"ಮೀನಿಗೆ ಕಾಲು ಬಂತಂತೆ! ಇದನ್ನೆಲ್ಲ ನೀವು ನಂಬ್ತೀರಾ ಮೇಷ್ಟ್ರೇ?"

"ನಂಬಿಕೆ ಮಾತಲ್ಲ ಅಕ್ಕ, ಪುರಾವೆ ಇದೆ."

"ನನ್ನ ತಲೆಗಂತೂ ಹತ್ತಲಿಲ್ಲ. ನಮ್ಮನ್ನ ಮಾಡಿದ್ದು ದೇವರೇ."

"ಹಾಗಾದ್ರೆ ಕತ್ತರಿಸ್ತೀರಿ."

ಅವಳು ಪುಸ್ತಕದ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಅಣ್ಣನನ್ನ ಕರೀರಿ. ಸಮಿತಿಯವರೂ ಬರ್ಲಿ. ಒಂದನ್ನ ಅವರ ಎದುರಿಗೇ ಕತ್ತರಿಸ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಸೋತವನ ಮುಂದೆ ಮೆರವಣಿಗೆ ಬೇರೆ!

ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ಅಂಟಕ್ಕ ಚಾಕು ಹಿಡಿದಳು. ಇಪ್ಪತ್ತೇಳು ವರ್ಷದಲ್ಲಿ ಅವಳು ಅಚ್ಚಾದ ಹಾಳೆಗೆ ಚಾಕು ತಾಗಿಸಿದವಳಲ್ಲ. ಕಣ್ಣಲ್ಲಿ ನೀರಿತ್ತು, ನನಗೆ ಸಂಕಟವಾಯಿತು. ಹೊಲಿಗೆಯ ಬುಡಕ್ಕೇ ಎಂಟು ಹಾಳೆ ಕತ್ತರಿಸಿ ಅಣ್ಣನ ಕೈಗೆ ಕೊಟ್ಟಳು. ಆಮೇಲೆ ಪುಸ್ತಕವನ್ನು ರಟ್ಟು ಹಿಡಿದು ಎತ್ತಿ ಒಮ್ಮೆ ಕೊಡವಿದಳು. ಇನ್ನೂ ಎಂಟು ಹಾಳೆ ನೆಲಕ್ಕೆ ಉದುರಿದವು, ಅರ್ಧ ಹಿಂದಿನ ಪಾಠದ್ದು, ಅರ್ಧ ಮುಂದಿನದ್ದು.

"ಇದೇನು?" ಎಂದರು ಅಧ್ಯಕ್ಷರು.

"ದೊಡ್ಡ ಹಾಳೆ ಮಡಚಿ ನಡುವೆ ಹೊಲಿದಿರ್ತಾರೆ ಅಣ್ಣ. ನಿನ್ನ ಕೈಲಿರೋ ಒಂದೊಂದು ಹಾಳೆಯ ಇನ್ನರ್ಧ ಬೇರೆ ಪಾಠದಲ್ಲಿದೆ. ಇದನ್ನ ತೆಗೆದ್ರೆ ಅದಕ್ಕೆ ಹಿಡಿತ ಇಲ್ಲ. ನೂರಿಪ್ಪತ್ತೂ ಹೀಗೇ ಉದುರುತ್ವೆ."

"ಕತ್ತರಿಸೋದು ಬೇಡ, ಅಂಟಿಸಿಬಿಡಿ," ಎಂದರು ಸಮಿತಿಯಲ್ಲಿದ್ದ ಔಷಧಿ ಅಂಗಡಿಯವರು.

"ಅಂಟಿಸಿದ್ರೆ ಅಲ್ಲೇ ಉಬ್ಬುತ್ತೆ ಸ್ವಾಮಿ. ಮಕ್ಕಳು ಮೊದಲು ಉಗುರು ಹಾಕೋದೇ ಅಲ್ಲಿಗೆ. ಬೇರೆ ಪಾಠ ಓದದಿದ್ರೂ ಅದನ್ನ ಮಾತ್ರ ಬಾಯಿಪಾಠ ಮಾಡ್ತಾರೆ."

ಎಲ್ಲರೂ ನಕ್ಕರು. ಅಧ್ಯಕ್ಷರು ಮುಜುಗರ ಮುಚ್ಚಿಕೊಳ್ಳಲು ಬಗ್ಗಿ ಕಾಲ ಬಳಿ ಬಿದ್ದಿದ್ದ ಮುಂದಿನ ಪಾಠದ ಹಾಳೆಯೊಂದನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದರು: "ಕೆಲವು ರೋಗಾಣುಗಳು ಔಷಧಕ್ಕೆ ಸಾಯದೆ ಉಳಿಯುತ್ತವೆ. ಮುಂದೆ ಅವುಗಳ ಸಂತತಿಯೇ ಹೆಚ್ಚುತ್ತದೆ, ಹಳೆಯ ಔಷಧ ನಾಟುವುದಿಲ್ಲ. ಇದು ಹೇಗೆಂದು ತಿಳಿಯಲು ಹಿಂದಿನ ಅಧ್ಯಾಯ ನೋಡಿ."

ಓದು ನಿಂತಿತು. ಹೋದ ವರ್ಷ ಅವರು ಮೂರು ತಿಂಗಳು ಕೆಮ್ಮಿದ್ದು, ನುಂಗಿದ ಮಾತ್ರೆ ನಾಟದೆ ಡಾಕ್ಟರು ಔಷಧಿ ಬದಲಿಸಿದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಔಷಧಿ ಅಂಗಡಿಯವರು ಕಿಟಕಿಯ ಕಡೆ ನೋಡತೊಡಗಿದರು.

"ಹಿಂದಿನ ಅಧ್ಯಾಯ ಎಲ್ಲಿ ಪುಟ್ಟಿ?" ಐವತ್ತೆಂಟರ ತಂಗಿ ಅವರಿಗೆ ಇನ್ನೂ ಪುಟ್ಟಿಯೇ.

"ನಿನ್ನ ಕೈಲೇ ಇದೆಯಲ್ಲ ಅಣ್ಣ. ಈಗ ತಾನೇ ಕತ್ತರಿಸಿ ಕೊಟ್ಟೆ."

ನಾನು ಬಾಯಿ ಬಿಗಿಹಿಡಿದು ಕೂತೆ. ಈ ಇಡೀ ಜಗಳದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಅಧ್ಯಕ್ಷರು ಎರಡೂ ಕೈಯ ಹಾಳೆಗಳನ್ನು ಅಕ್ಕಪಕ್ಕ ಹಿಡಿದು ನೋಡಿದರು. "ಇರಲಿ ಬಿಡಿ," ಎಂದರು ಕೊನೆಗೆ. "ಮಕ್ಕಳು ಓದ್ಲಿ. ದೇವರ ವಿಷಯ ನಾವು ಮನೇಲಿ ಹೇಳ್ಕೊಡ್ತೀವಿ. ಇದನ್ನ ಹೊಲಿದು ಕೊಡು ಪುಟ್ಟಿ, ಈ ಪ್ರತಿ ನನಗಿರ್ಲಿ."

ಸೋಮವಾರ ಒಂಬತ್ತನೇ ಅಧ್ಯಾಯ ಶುರುವಾಯಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೊದಲ ಪ್ರಶ್ನೆ ಕೇಳಿದಳು. ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅಷ್ಟು ಖುಷಿಯಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ವಾರದ ನಂತರ ಅಂಟಕ್ಕನಿಗೆ ಥ್ಯಾಂಕ್ಸ್ ಹೇಳಲು ಹೋದೆ.

"ನಿಮಗೋಸ್ಕರ ಮಾಡ್ಲಿಲ್ಲ ಮೇಷ್ಟ್ರೇ, ಪುಸ್ತಕಕ್ಕೋಸ್ಕರ ಮಾಡಿದ್ದು. ನಿಮ್ಮ ಪಾಠ ನನಗಿನ್ನೂ ಒಪ್ಪಿಗೆ ಇಲ್ಲ. ಇನ್ನೊಂದ್ಸಲ ಓದ್ಬೇಕು."

"ಅಣ್ಣ ಏನಂತಾರೆ?"

"ದಿನಾ ಸಾಯಂಕಾಲ ಓದ್ತಾನೆ. ಪುಟಕ್ಕೊಂದ್ಸಲ ಫೋನ್ ಮಾಡಿ ನಿಮ್ಮನ್ನೂ ನನ್ನನ್ನೂ ಸೇರಿಸಿ ಬೈತಾನೆ." ದಾರ ಬಿಗಿದು ಗಂಟು ಹಾಕಿದಳು. "ನಿನ್ನೆ ಬೈಯೋದು ಮರೆತೇಬಿಟ್ಟ. ಮೇಷ್ಟ್ರಿಗೆ ಭಾನುವಾರ ಬಿಡುವಿದೆಯಾ ಕೇಳು, ಒಂದು ವಿಷಯ ಅರ್ಥ ಆಗ್ತಿಲ್ಲ ಅಂದ."